ಹೆಗ್ಗಡೆ: ಹೆಸರಿನ ತಲೆಯಿಂದ ಬಾಲಕ್ಕೆ

ಬಡಗುತಿಟ್ಟಿನ ಯಕ್ಷಗಾನ ನೋಡುವವರ ನಡುವೆ ಕೂತು ‘ರಾಮಚಂದ್ರ ಹೆಗಡೆಯವರ ವೇಷ’ ಎಂದರೆ ಮಾತು ಮುಂದೆ ಹೋಗುವುದಿಲ್ಲ. ‘ಯಾವ ರಾಮಚಂದ್ರ ಹೆಗಡೆ?’ ಎಂದು ಪಕ್ಕದವರು ಕೇಳಿಯೇ ಕೇಳುತ್ತಾರೆ. ಚಿಟ್ಟಾಣಿ ರಾಮಚಂದ್ರ ಹೆಗಡೆ ಇದ್ದರು, 2012ರಲ್ಲಿ ಪದ್ಮಶ್ರೀ ಪಡೆದವರು, 2017ರಲ್ಲಿ ತೀರಿಕೊಂಡವರು. ಕೊಂಡದಕುಳಿ ರಾಮಚಂದ್ರ ಹೆಗಡೆ ಇನ್ನೊಬ್ಬರು. ಇಬ್ಬರೂ ಉತ್ತರ ಕನ್ನಡದವರು, ಇಬ್ಬರೂ ಹೆಸರಾಂತ ವೇಷಧಾರಿಗಳು. ಇಟ್ಟ ಹೆಸರು ಒಂದೇ, ಅಡ್ಡಹೆಸರೂ ಒಂದೇ. ಹಾಗಾಗಿ ಪ್ರೇಕ್ಷಕರು ಎರಡನ್ನೂ ಬಿಟ್ಟು ಊರನ್ನು ಹಿಡಿದರು. ‘ಚಿಟ್ಟಾಣಿಯ ಭಸ್ಮಾಸುರ’ ಎಂದರೆ ಸಾಕು, ಹೆಗಡೆ ಎನ್ನುವ ಅಗತ್ಯವೇ ಬೀಳುವುದಿಲ್ಲ.

ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಿ ತೋರಿಸುವುದು ಅಡ್ಡಹೆಸರಿನ ಕೆಲಸವಲ್ಲವೇ? ಹೆಗಡೆ ಆ ಕೆಲಸವನ್ನು ಸರಿಯಾಗಿ ಮಾಡುತ್ತಿಲ್ಲ. ಮೂಲದಲ್ಲಿ ಅದಕ್ಕಾಗಿ ಹುಟ್ಟಿದ ಪದ ಅದಲ್ಲ ಎಂಬುದೇ ಇದಕ್ಕೆ ಕಾರಣ. ಅದು ಒಂದು ಹುದ್ದೆಯ ಹೆಸರಾಗಿತ್ತು. ಹುದ್ದೆ ಮನೆತನವಾದದ್ದು ಹೇಗೆ, ಎಲ್ಲಿ ಆಯಿತು, ಎಲ್ಲಿ ಆಗಲಿಲ್ಲ ಎಂಬುದಷ್ಟೇ ಈ ಲೇಖನದ ಪ್ರಶ್ನೆ.

ಹಳಗನ್ನಡದ ರೂಪ ‘ಪೆರ್ಗಡೆ’. ಇದರ ಮೊದಲ ಭಾಗವಾದ ‘ಪೆರ್’ ಎಂದರೆ ದೊಡ್ಡದು, ಹಿರಿದು. ಪದದ ಮೊದಲ ಪಕಾರ ಹಕಾರವಾಗಿ, ರಕಾರ ಮುಂದಿನ ವ್ಯಂಜನದೊಳಗೆ ಕರಗಿ, ಪೆರ್ಗಡೆ ಹೆರ್ಗಡೆಯಾಯಿತು, ಹೆರ್ಗಡೆ ಹೆಗ್ಗಡೆಯಾಯಿತು. ಪೆರ್ಬುಲಿ ಹೆಬ್ಬುಲಿಯಾದದ್ದೂ ಪೆರ್ಬಾಗಿಲು ಹೆಬ್ಬಾಗಿಲಾದದ್ದೂ ಇದೇ ದಾರಿಯಲ್ಲಿ. ಹೆಗ್ಗಡೆ ಮತ್ತೂ ಸವೆದು ಘಟ್ಟದ ಮೇಲಿನ ಶಿರಸಿ-ಸಿದ್ದಾಪುರದ ಕಡೆ ಹೆಗಡೆಯಾಯಿತು, ಉಡುಪಿ-ಕಾರ್ಕಳದ ಕಡೆ ಹೆಗ್ಡೆಯಾಯಿತು. ತುಳು ಮಾತ್ರ ಪಕಾರವನ್ನು ಬಿಟ್ಟುಕೊಡಲಿಲ್ಲ. ಧರ್ಮಸ್ಥಳದ ಸ್ಥಳಪುರಾಣದಲ್ಲಿ ನೆಲ್ಯಾಡಿ ಬೀಡಿನ ಯಜಮಾನ ಬಿರ್ಮಣ್ಣ ಪೆರ್ಗಡೆಯಾಗಿಯೇ ಉಳಿದಿದ್ದಾನೆ. ತೆಲುಗಿನಲ್ಲಿ ರಕಾರ ಮುಂದಕ್ಕೆ ಜಿಗಿದು ‘ಪ್ರೆಗ್ಗಡ’ ಎಂದಾಯಿತು. 14ನೇ ಶತಮಾನದಲ್ಲಿ ಪ್ರೋಲಯ ವೇಮಾರೆಡ್ಡಿಯ ಆಸ್ಥಾನದಲ್ಲಿದ್ದ, ತೆಲುಗು ಮಹಾಭಾರತದ ಮೂವರು ಕವಿಗಳಲ್ಲಿ ಕೊನೆಯವನಾದ ಎರ್ರಾಪ್ರಗಡನ ಹೆಸರಿನಲ್ಲಿರುವುದು ಅದೇ ಪದ. ಕಾರ್ಕಳದ ಹೆಗ್ಡೆಯವರಿಗೂ ಗೋದಾವರಿ ಸೀಮೆಯ ಪ್ರಗಡದವರಿಗೂ ರಕ್ತಸಂಬಂಧವಿಲ್ಲ. ಇರುವುದು ಒಂದು ಕಚೇರಿಯ ಸಂಬಂಧ.

ಆ ಕಚೇರಿ ಎಷ್ಟು ವಿಸ್ತಾರವಾಗಿತ್ತು ಎಂಬುದನ್ನು ಶಾಸನಗಳೇ ಹೇಳುತ್ತವೆ. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಅರಮನೆಯ ಉಸ್ತುವಾರಿ ನೋಡುವವನು ‘ಮನೆವೆರ್ಗಡೆ’, ಸುಂಕದ ಲೆಕ್ಕ ನೋಡುವವನು ‘ಸುಂಕವೆರ್ಗಡೆ’. ಸಮಾಸದಲ್ಲಿ ಪಕಾರ ವಕಾರವಾದದ್ದನ್ನು ಗಮನಿಸಬೇಕು. ಎರಡು ಪದಗಳು ಬೆಸೆದುಕೊಂಡು ಒಂದೇ ಹುದ್ದೆಯ ಹೆಸರಾಗಿದ್ದವು ಎನ್ನಲು ವ್ಯಾಕರಣವೇ ಸಾಕ್ಷಿ. ಹೊಯ್ಸಳರ ಕಾಲಕ್ಕೆ ಹೆಗ್ಗಡೆ ಇನ್ನಷ್ಟು ಸಾಮಾನ್ಯನಾದ.

ಹೊಯ್ಸಳರ ಕಾಲದ ಈ ಹೆಗ್ಗಡೆಗಳ ಪೈಕಿ ನಮಗೆ ಹೆಚ್ಚು ಪರಿಚಿತನಾದವನು ಮಾರಸಿಂಗಯ್ಯ, ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ತಂದೆ. ಶ್ರವಣಬೆಳಗೊಳದಲ್ಲಿ ಶಾಂತಲೆ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಅಲ್ಲಿನ ಶಾಸನಗಳಲ್ಲಿ ತಂದೆ ಕಾಣಿಸಿಕೊಳ್ಳುವುದು ಪೆರ್ಗಡೆ ಮಾರಸಿಂಗಯ್ಯನಾಗಿ. ಅವನು ಶೈವ, ಹೆಂಡತಿ ಮಾಚಿಕಬ್ಬೆ ಜೈನೆ. ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಯ ಓದುಗರಿಗೆ ಈ ದಂಪತಿ ಮನೆಯವರಷ್ಟೇ ಸಲುಗೆಯವರು. ಇಲ್ಲಿ ಪದ ಕೂತಿರುವ ಜಾಗವನ್ನು ನೋಡಿ. ಅದು ಹೆಸರಿನ ತಲೆಯ ಮೇಲಿದೆ, ಇಂದು ನಾವು ‘ತಹಶೀಲ್ದಾರ್ ಇಂಥವರು’ ಎನ್ನುವ ಹಾಗೆ. ಮಗಳನ್ನು ಯಾರೂ ಶಾಂತಲಾ ಹೆಗ್ಗಡೆ ಎನ್ನಲಿಲ್ಲ. ಅಪ್ಪನ ಹುದ್ದೆ ಅಪ್ಪನದಾಗಿಯೇ ಉಳಿಯಿತು.

ಆಗ ಅದು ಲಿಂಗಕ್ಕೆ ತಕ್ಕಂತೆ ರೂಪ ಬದಲಿಸುವ ಪದವೂ ಆಗಿತ್ತು. ಹೆಗ್ಗಡೆಯ ಹೆಂಡತಿ ಹೆಗ್ಗಡತಿ ಅಥವಾ ಹೆಗ್ಗಡಿತಿ. ಮಲೆನಾಡಿನಲ್ಲಿ ಈ ಸ್ತ್ರೀರೂಪವು ಹುದ್ದೆ ಮಾಯವಾದ ಮೇಲೂ ಮರ್ಯಾದೆಯ ಪದವಾಗಿ ಬಹುಕಾಲ ಬಾಳಿತು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಯಾರ ಹೆಂಡತಿ? ಹೆಗ್ಗಡೆಯ ಹೆಂಡತಿಯಲ್ಲ. ಗಂಡ ಚಂದ್ರಯ್ಯಗೌಡ, ಹೆಂಡತಿ ಸುಬ್ಬಮ್ಮ ಹೆಗ್ಗಡಿತಿ. ದೊಡ್ಡಮನೆಯ ಯಜಮಾನ ಗೌಡನಾದರೆ ಯಜಮಾನಿತಿ ಹೆಗ್ಗಡಿತಿ. ಗಾವುಂಡನಿಂದ ಬಂದ ಗೌಡ, ಪೆರ್ಗಡೆಯಿಂದ ಬಂದ ಹೆಗ್ಗಡಿತಿ, ಹೀಗೆ ಎರಡು ಹಳೆಯ ಅಧಿಕಾರಪದಗಳು ಒಂದೇ ಹಾಸಿಗೆ ಹಂಚಿಕೊಂಡಿವೆ! ಅಡ್ಡಹೆಸರೆಂದು ತಿಳಿದು ಓದಿದರೆ ಈ ಜೋಡಿ ಅರ್ಥವಾಗುವುದಿಲ್ಲ. ಇಂದು ಹೆಗಡೆಯವರ ಮಗಳ ಪಾಸ್‌ಪೋರ್ಟಿನಲ್ಲೂ ಹೆಗಡೆ ಎಂದೇ ಇರುತ್ತದೆ. ಸ್ತ್ರೀಪ್ರತ್ಯಯ ಬಿದ್ದುಹೋದ ಜಾಗದಲ್ಲೇ ಹುದ್ದೆ ಸತ್ತು ಮನೆತನದ ಹೆಸರು ಹುಟ್ಟಿತು ಎನ್ನಬಹುದು.

ಹಾಗಾದರೆ ಪದ ತಲೆಯಿಂದ ಬಾಲಕ್ಕೆ ಬಂದ ಕೂಡಲೇ ಅಡ್ಡಹೆಸರಾಯಿತೇ? ಇಲ್ಲ. ಧರ್ಮಸ್ಥಳವನ್ನೇ ನೋಡಿ. ಅಲ್ಲಿ ಮಂಜಯ್ಯ ಹೆಗ್ಗಡೆ, ರತ್ನವರ್ಮ ಹೆಗ್ಗಡೆ, ವೀರೇಂದ್ರ ಹೆಗ್ಗಡೆ ಎಂದು ಪದ ಕೊನೆಯಲ್ಲೇ ಇದೆ. ಆದರೆ ವೀರೇಂದ್ರ ಹೆಗ್ಗಡೆಯವರ ತಮ್ಮಂದಿರ ಹೆಸರು ಸುರೇಂದ್ರ ಕುಮಾರ್, ಹರ್ಷೇಂದ್ರ ಕುಮಾರ್. ವೀರೇಂದ್ರ ಕುಮಾರ್ ಆಗಿದ್ದ ಅಣ್ಣ, ಇಪ್ಪತ್ತು ತುಂಬುವ ಮೊದಲೇ, 1968ರ ಅಕ್ಟೋಬರ್‌ನಲ್ಲಿ ಪಟ್ಟಕ್ಕೆ ಬಂದಾಗ ಹೆಗ್ಗಡೆಯಾದರು. ತಮ್ಮಂದಿರು ಆಗಲಿಲ್ಲ. 12ನೇ ಶತಮಾನದ ಮಾರಸಿಂಗಯ್ಯನ ಮನೆಯಲ್ಲಿದ್ದ ನಿಯಮ ನೇತ್ರಾವತಿಯ ದಡದಲ್ಲಿ ಇಂದಿಗೂ ಜೀವಂತವಾಗಿದೆ. ಪದ ಎಲ್ಲಿ ಕೂತಿದೆ ಎಂಬುದಕ್ಕಿಂತ ಅದು ಎಲ್ಲ ಮಕ್ಕಳಿಗೂ ಹಂಚಿಹೋಗುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ.

ಇನ್ನು ಅಡ್ಡಹೆಸರೇ ಆದ ಕಡೆಗಳಿಗೆ ಬರೋಣ. 20ನೇ ಶತಮಾನದ ಇಬ್ಬರು ಹೆಗಡೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಒಬ್ಬರು ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಕೆ.ಎಸ್. ಹೆಗ್ಡೆ, ಅಂದರೆ ಕೌಡೂರು ಸದಾನಂದ ಹೆಗ್ಡೆ. 1973ರಲ್ಲಿ ಕೇಶವಾನಂದ ಭಾರತಿ ಮೊಕದ್ದಮೆಯ ತೀರ್ಪು ಬಂದ ಬೆನ್ನಿಗೇ ಕೇಂದ್ರ ಸರ್ಕಾರ ಸೇವಾಹಿರಿತನವನ್ನು ಬದಿಗಿಟ್ಟು ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸಿತು. ಆಗ ರಾಜೀನಾಮೆ ಕೊಟ್ಟ ಮೂವರಲ್ಲಿ ಅವರೊಬ್ಬರು, ಮತ್ತಿಬ್ಬರು ಶೇಲತ್ ಮತ್ತು ಗ್ರೋವರ್. 1977ರಲ್ಲಿ ಅವರು ಲೋಕಸಭೆಯ ಸ್ಪೀಕರ್ ಆದರು. ಇನ್ನೊಬ್ಬರು ಸಿದ್ದಾಪುರದ ದೊಡ್ಮನೆಯಲ್ಲಿ 1926ರಲ್ಲಿ ಹುಟ್ಟಿ 1983ರ ಜನವರಿಯಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದವರು, ರಾಮಕೃಷ್ಣ ಮಹಾಬಲೇಶ್ವರ ಹೆಗಡೆ.

ಎರಡು ಹೆಸರುಗಳ ಕಟ್ಟಡ ನೋಡಿ. ಒಂದರಲ್ಲಿ ಊರು ಮೊದಲು. ಇನ್ನೊಂದರಲ್ಲಿ ತನ್ನ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಮನೆತನ. ಇದು ವ್ಯಕ್ತಿಗಳ ಆಯ್ಕೆಯಲ್ಲ, ಪ್ರಾಂತ್ಯದ ಮುದ್ರೆ. ಒಂದೇ ಆಗಿದ್ದ ಕೆನರಾ ಜಿಲ್ಲೆಯನ್ನು ಬ್ರಿಟಿಷರು ಒಡೆದು, ಉತ್ತರ ಭಾಗವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ದಕ್ಷಿಣ ಭಾಗ ಮದರಾಸಿನಲ್ಲೇ ಉಳಿಯಿತು. ಮುಂಬಯಿ ಸೀಮೆಯ ದಫ್ತರಕ್ಕೆ ಮೂರು ಅಂಕಣದ ಹೆಸರು ಬೇಕಿತ್ತು, ಮದರಾಸು ಸೀಮೆಯಲ್ಲಿ ಊರಿನ ಇನಿಷಿಯಲ್ ನಡೆಯುತ್ತಿತ್ತು. ಅಡ್ಡಹೆಸರು ಎರಡೂ ಕಡೆ ಉಳಿದರೂ ಅದರ ಜೊತೆಗಾರರು ಬೇರೆಯಾದರು. ಶಾಲೆಯ ಹಾಜರಿ ಪುಸ್ತಕ ಮತ್ತು ಜಮೀನಿನ ಪಹಣಿ ಹೆಗಡೆಯನ್ನು ಗಟ್ಟಿ ಮಾಡಿದಷ್ಟು ಯಾವ ರಾಜನೂ ಮಾಡಲಿಲ್ಲ ಎಂಬುದು ನನ್ನ ಅನಿಸಿಕೆ.

ಕೆ.ಎಸ್. ಹೆಗ್ಡೆಯವರ ಮನೆಯಲ್ಲೇ ಇನ್ನೊಂದು ಸ್ವಾರಸ್ಯವಿದೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, ಆಮೇಲೆ ಕರ್ನಾಟಕದ ಲೋಕಾಯುಕ್ತರಾಗಿ ಹೆಸರು ಮಾಡಿದ ಅವರ ಮಗ ಎನ್. ಸಂತೋಷ್ ಹೆಗ್ಡೆ. ತಂದೆಯದು ‘ಕೆ’, ಮಗನದು ‘ಎನ್’, ಅಂದರೆ ನಿಟ್ಟೆ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆದ್ದರಿಂದ ಅಪ್ಪನ ಊರು ಒಂದು, ಮಕ್ಕಳ ಊರು ಇನ್ನೊಂದು ಎಂದು ಬರೆದಿರುವುದು ಆ ಸೀಮೆಯವರಿಗೆ ಹೊಸದಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆಸ್ತಿಯ ಲೆಕ್ಕವನ್ನು ಬದಲಿಸಿದವು. ಇನಿಷಿಯಲ್‌ಗಳಲ್ಲಿ ಹಳೆಯ ಲೆಕ್ಕದ ಗುರುತು ಮಾತ್ರ ಉಳಿಯಿತು.

ಜಾತಿಯ ಮಾತನ್ನೂ ಇಲ್ಲಿಯೇ ಮುಗಿಸಿಬಿಡುತ್ತೇನೆ. ಕೆ.ಎಸ್. ಹೆಗ್ಡೆ ಬಂಟರು, ರಾಮಕೃಷ್ಣ ಹೆಗಡೆ ಹವ್ಯಕರು, ವೀರೇಂದ್ರ ಹೆಗ್ಗಡೆ ಜೈನರು. ಕೊಡಗಿನಲ್ಲಿ ಹೆಗ್ಗಡೆ ಎಂಬ ಸಮುದಾಯವೇ ಇದೆ. ಹೆಗಡೆ ಎಂದ ಕೂಡಲೇ ‘ಯಾವ ಪೈಕಿ?’ ಎಂದು ಕೇಳುವವರಿಗೆ ಅಡ್ಡಹೆಸರು ಉತ್ತರ ಕೊಡುವುದಿಲ್ಲ. ಸುಂಕದ ಕಟ್ಟೆಯಲ್ಲಿ ಕೂರಲು ಒಂದೇ ಜಾತಿಯವನಾಗಬೇಕೆಂಬ ಕಟ್ಟಳೆ ಇರಲಿಲ್ಲ.

ಜಾಗಗಳ ಹೆಸರಿನಲ್ಲೂ ಈ ಪದ ಹರಡಿಕೊಂಡಿದೆ. ಕುಮಟಾ ತಾಲ್ಲೂಕಿನಲ್ಲಿ ಹೆಗಡೆ ಎಂಬ ಊರೇ ಇದೆ. ಮಂಗಳೂರಿನ ದೇರಳಕಟ್ಟೆಯ ವೈದ್ಯಕೀಯ ಕಾಲೇಜಿಗೆ ಕೆ.ಎಸ್. ಹೆಗ್ಡೆಯವರ ಹೆಸರಿದೆ. ಬೆಂಗಳೂರಿನ ಉತ್ತರಕ್ಕೆ ಹೆಗಡೆ ನಗರವಿದೆ. ಆದರೆ ‘ಹೆಗ್’ ಎಂದು ಶುರುವಾಗುವ ಊರನ್ನೆಲ್ಲ ಹೆಗ್ಗಡೆಯ ಖಾತೆಗೆ ಜಮಾ ಮಾಡಬಾರದು. ಹೆಗ್ಗೇರಿ, ಹೆಗ್ಗೆರೆ ಎಂದರೆ ಹಿರಿಯ ಕೆರೆ, ಅಷ್ಟೆ. ಸ್ಥಳನಾಮ ಬಿಡಿಸುವ ಉಮೇದಿನಲ್ಲಿ ಕೆರೆಯನ್ನು ಅಧಿಕಾರಿಯಾಗಿಸಿದ ಲೇಖನಗಳನ್ನು ನಾನು ಓದಿದ್ದೇನೆ, ಒಂದನ್ನು ಚಿಕ್ಕಂದಿನಲ್ಲಿ ಬರೆದೂ ಇದ್ದೇನೆ.

ಹಳೆ ಮೈಸೂರಿನ ಕಥೆ ಮಾತ್ರ ಬೇರೆ. ಊರಿನ ಒಂದಕ್ಷರ, ತಂದೆಯ ಒಂದಕ್ಷರ, ಆಮೇಲೆ ತನ್ನ ಹೆಸರು ಎಂಬ ರೂಢಿ ಬಲವಾಗಿದ್ದ ಈ ಸೀಮೆಯಲ್ಲಿ ಅಡ್ಡಹೆಸರಿಗೆ ಹೆಚ್ಚು ಜಾಗವಿರಲಿಲ್ಲ. ಹೆಗ್ಗಡೆಗಳ ಬಗ್ಗೆ ಅತಿ ಹೆಚ್ಚು ಕಲ್ಲು ನೆಟ್ಟ ಹೊಯ್ಸಳ ನಾಡಿನಲ್ಲೇ ಪದ ಮನುಷ್ಯರನ್ನು ಬಿಟ್ಟು ನೆಲಕ್ಕಿಳಿಯಿತು. ಮೈಸೂರು ಜಿಲ್ಲೆಯ ತೆಂಕಣ ಗಡಿಯಲ್ಲಿ, ಕಬಿನಿಯ ಸೀಮೆಯಲ್ಲಿ, ಹೆಗ್ಗಡದೇವನೆಂಬ ನಾಯಕ ಕೋಟೆ ಕಟ್ಟಿಸಿದನೆಂದು ಸ್ಥಳದವರು ಹೇಳುತ್ತಾರೆ. ಅವನ ಹೆಸರಿನಲ್ಲಿ ಪದ ಮಾರಸಿಂಗಯ್ಯನ ಹೆಸರಿನಲ್ಲಿದ್ದಂತೆ ಮೊದಲಿಗೇ ಇದೆ. ಊರಿಗೆ ಹೆಗ್ಗಡದೇವನಕೋಟೆ ಎಂದು ಹೆಸರಾಯಿತು. ಆದರೆ ಮೈಸೂರಿನ ನಿಲ್ದಾಣದಲ್ಲಿ ಕಂಡಕ್ಟರು ಅಷ್ಟುದ್ದ ಕೂಗುವುದಿಲ್ಲ. ಬಸ್ಸಿನ ಬೋರ್ಡಿನಲ್ಲೂ ಎಚ್.ಡಿ. ಕೋಟೆ ಎಂದೇ ಇರುತ್ತದೆ.