ನೋವು, ಮದ್ದು ಮತ್ತು ವ್ಯಸನ: ಅಫೀಮುಜನ್ಯ ಔಷಧಗಳ ಚರಿತ್ರೆಯ ಒಂದು ಅವಲೋಕನ

ನೋವನ್ನು ಶಮನಗೊಳಿಸುವ ಮದ್ದೇ ವ್ಯಸನಕ್ಕೂ ಕಾರಣವಾಗಬಲ್ಲದೆಂಬ ಅರಿವು ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಆದರೆ ಆ ಅರಿವು ಮತ್ತೆ ಮತ್ತೆ ಮರೆವಿಗೆ ಸಂದಿರುವುದು ಅಫೀಮುಜನ್ಯ ಔಷಧಗಳ ಚರಿತ್ರೆಯಲ್ಲಿ ಎದ್ದು ಕಾಣುವ ಸಂಗತಿ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೀಡ್ರಿಕ್ ಸೆರ್ಟ್ಯೂರ್ನರ್ ಅಫೀಮಿನಿಂದ ಮಾರ್ಫಿನನ್ನು ಬೇರ್ಪಡಿಸಿದನು. 1850ರ ದಶಕದಲ್ಲಿ ಚುಚ್ಚುಮದ್ದಿನ ಸೂಜಿ ಬಳಕೆಗೆ ಬಂದಾಗ, ಬಾಯಿಯ ಮೂಲಕ ಸೇವಿಸದಿದ್ದರೆ ಚಟ ಹತ್ತದೆಂದು ಕೆಲವು ವೈದ್ಯರು ನಂಬಿದ್ದರು. 1898ರಲ್ಲಿ ಬೇಯರ್ ಸಂಸ್ಥೆಯು ಹೆರಾಯಿನನ್ನು ಕೆಮ್ಮಿನ ಔಷಧವಾಗಿ ಮಾರುಕಟ್ಟೆಗೆ ತಂದಾಗಲೂ ಅದು ನಿರಪಾಯಕಾರಿಯೆಂಬ ಭಾವನೆಯೇ ಪ್ರಚಾರದಲ್ಲಿತ್ತು.

ಅಮೆರಿಕದಲ್ಲಿ ಇದೇ ಭ್ರಮೆ ಮರುಕಳಿಸಿತು. ಆಸ್ಪತ್ರೆಯ ಒಳರೋಗಿಗಳಲ್ಲಿ ವ್ಯಸನ ವಿರಳವೆಂದು ಹೇಳುವ ಐದು ವಾಕ್ಯಗಳ ಪತ್ರವೊಂದು 1980ರಲ್ಲಿ ವೈದ್ಯಕೀಯ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಮನೆಯಲ್ಲಿ ದೀರ್ಘಕಾಲ ಗುಳಿಗೆ ಸೇವಿಸುವವರಿಗೆ ಅನ್ವಯಿಸದ ಆ ಪತ್ರವನ್ನು ಅನೇಕರು ಪ್ರಮಾಣವೆಂಬಂತೆ ಉಲ್ಲೇಖಿಸಿದರು. 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ ಗುಳಿಗೆಯ ವ್ಯಸನಾಪಾಯದ ಬಗ್ಗೆ ದಾರಿತಪ್ಪಿಸಿದ್ದಕ್ಕಾಗಿ ಪರ್ಡ್ಯೂ ಕಂಪನಿಯು 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ವೈದ್ಯರು ಬರೆದುಕೊಡುವ ಔಷಧ ಹಾಗೂ ಅಕ್ರಮ ಮಾದಕಗಳೆರಡೂ ಸೇರಿ, 1999ರಿಂದ 2021ರವರೆಗೆ ಅಲ್ಲಿ ಅಫೀಮುವರ್ಗದ ದ್ರವ್ಯಗಳ ಅತಿಸೇವನೆಗೆ ಬಲಿಯಾದವರು ಸುಮಾರು 6,45,000.

ಭಾರತದ ಚರಿತ್ರೆ ಇದಕ್ಕೆ ವಿಲೋಮವಾದುದು. ಗಾಜೀಪುರ, ನೀಮಚ್‌ಗಳ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಿಸಿದ ಅಫೀಮನ್ನು ಔಷಧಕ್ಕಾಗಿ ಹೊರದೇಶಗಳಿಗೆ ರಫ್ತು ಮಾಡುತ್ತಿದ್ದ ನಾಡಿನಲ್ಲೇ ಕ್ಯಾನ್ಸರ್ ರೋಗಿಗೆ ಮಾರ್ಫಿನ್ ದುರ್ಲಭವಾಯಿತು. 1985ರ ಮಾದಕ ದ್ರವ್ಯ ಕಾಯಿದೆಯ ಕಠಿಣ ಶಿಕ್ಷೆ ಮತ್ತು ಬಹುವಿಧ ಪರವಾನಗಿಗಳಿಗೆ ಅಂಜಿ ಆಸ್ಪತ್ರೆಗಳು ದಾಸ್ತಾನನ್ನೇ ಕೈಬಿಟ್ಟವು. 1997ರ ವೇಳೆಗೆ ಇಡೀ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ವರ್ಷಕ್ಕೆ 20 ಕಿಲೋಗ್ರಾಮಿಗಿಂತ ಕೆಳಗಿಳಿಯಿತು. 2014ರ ತಿದ್ದುಪಡಿಯು ಅತ್ಯಗತ್ಯ ಔಷಧಗಳಿಗೆ ದೇಶಾದ್ಯಂತ ಏಕರೂಪದ ನಿಯಮಕ್ಕೆ ಅವಕಾಶ ಕಲ್ಪಿಸಿತು. ಇನ್ನೊಂದೆಡೆ, ಸುಲಭವಾಗಿ ದೊರೆಯುತ್ತಿದ್ದ ಟ್ರಮಡಾಲ್ ದುರ್ಬಳಕೆಗೆ ಒಳಗಾಗಿ, 2018ರಲ್ಲಿ ಅದೇ ಕಾಯಿದೆಯ ವ್ಯಾಪ್ತಿಗೆ ಬಂದಿತು.

ಚಿಕಿತ್ಸೆಯ ಚರಿತ್ರೆಯೂ ಬೋಧಪ್ರದವಾಗಿದೆ. ಔಷಧಕ್ಕೆ ಒಗ್ಗಿದ ದೇಹವು ಕ್ರಮೇಣ ಹೆಚ್ಚಿನ ಪ್ರಮಾಣವನ್ನು ಬೇಡುತ್ತದೆ; ಹಠಾತ್ತನೆ ನಿಲ್ಲಿಸಿದರೆ ತೀವ್ರ ಯಾತನೆ ಉಂಟಾಗುತ್ತದೆ. ಬಲವಂತವಾಗಿ ಬಿಡಿಸಿದಾಗ ಸಹನಶಕ್ತಿ ಕುಗ್ಗುವುದರಿಂದ, ಮರಳಿ ಹಳೆಯ ಪ್ರಮಾಣದಲ್ಲಿ ಸೇವಿಸಿದವನ ಉಸಿರೇ ನಿಲ್ಲುವ ಅಪಾಯವಿದೆ. ಈ ಹಿನ್ನೆಲೆಯಲ್ಲಿ, ನ್ಯೂಯಾರ್ಕಿನ ವಿನ್ಸೆಂಟ್ ಡೋಲ್ ಮತ್ತು ಮರೀ ನಿಸ್ವಾಂಡರ್ 1965ರಲ್ಲಿ ಪ್ರಕಟಿಸಿದ ಮೆಥಡೋನ್ ಚಿಕಿತ್ಸಾಕ್ರಮವು ವ್ಯಸನವನ್ನು ನೈತಿಕ ಪತನವೆನ್ನದೆ ದೀರ್ಘಕಾಲಿಕ ರೋಗವೆಂದು ಪರಿಗಣಿಸಿತು. ಮುಂದೆ ಬ್ಯುಪ್ರೆನಾರ್ಫಿನ್ ಈ ಸಾಲಿಗೆ ಸೇರಿತು. ಅತಿಸೇವನೆಯಾದಾಗ ನಲಾಕ್ಸೋನ್ ಪ್ರಾಣರಕ್ಷಕವೆನಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ವ್ಯಸನವನ್ನು ವೈದ್ಯಕೀಯ ನೆಲೆಯಲ್ಲಿಯೇ ಉಪಚರಿಸುವ ಪರಂಪರೆಯನ್ನು ರೂಢಿಸಿಕೊಂಡಿದೆ.

ಒಂದೆಡೆ ಲಾಭದ ಆತುರ, ಇನ್ನೊಂದೆಡೆ ಕಾನೂನಿನ ಭಯ. ಎರಡರ ಬೆಲೆಯನ್ನೂ ತೆತ್ತವನು ರೋಗಿಯೇ. ನರಳುವವನಿಗೆ ಮದ್ದು ನಿರಾಕರಿಸದ, ವ್ಯಸನಿಗೆ ಚಿಕಿತ್ಸೆ ನಿರಾಕರಿಸದ ವಿವೇಕವೇ ಈ ಚರಿತ್ರೆಯು ಅಪೇಕ್ಷಿಸುವ ಮಾರ್ಗವಾಗಿದೆ.