ಕಾವೇರಿಯ ಮಹಶೀರ್ ಮತ್ತು ಹವ್ಯಾಸಿ ಗಾಳದ ಮೀನುಗಾರಿಕೆ: ಸಾಧನಗಳು, ಕ್ರಮ ಹಾಗೂ ದಾಖಲೆ

ಮೀನುಗಾರಿಕೆ ಎಂದೊಡನೆ ಬಲೆ, ದೋಣಿ, ಮಾರುಕಟ್ಟೆಗಳು ನೆನಪಿಗೆ ಬರುತ್ತವೆ. ಜೀವನೋಪಾಯಕ್ಕಲ್ಲದೆ ಕೇವಲ ಹವ್ಯಾಸಕ್ಕಾಗಿ ಕೋಲು, ದಾರ ಮತ್ತು ಗಾಳದಿಂದ ಮೀನು ಹಿಡಿಯುವ ಪದ್ಧತಿಯೂ ನಮ್ಮ ನಾಡಿನಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಗ್ರಂಥದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಮತ್ಸ್ಯವಿನೋದಕ್ಕೂ ಸ್ಥಾನವಿದೆ. ಮೀನಿನ ಬಗೆಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳ ಹಾಕುವ ವಿಧಾನ ಇವೆಲ್ಲವನ್ನೂ ಅಲ್ಲಿ ವಿವರಿಸಲಾಗಿದೆ.

ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ದೇಶವಿದೇಶಗಳಲ್ಲಿ ಹೆಸರು ತಂದುಕೊಟ್ಟ ಮೀನು ಮಹಶೀರ್. ಕಾವೇರಿ ತೀರದ ಜನರು ಇದನ್ನು ಬಿಳಿ ಮೀನು ಎಂದೂ, ದೇವಾಲಯಗಳ ಬಳಿ ಇದು ರಕ್ಷಣೆ ಪಡೆದಿರುವ ಕಡೆಗಳಲ್ಲಿ ದೇವರ ಮೀನು ಎಂದೂ ಕರೆಯುತ್ತಾರೆ. ಈ ಮೀನಿಗೆ ಗಾಳ ಹಾಕುವವರು ತಿಳಿದಿರಬೇಕಾದ ವಿಷಯಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಹಿನ್ನೆಲೆ

1873ರಲ್ಲಿ ಪ್ರಕಟವಾದ ಎಚ್. ಎಸ್. ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ ಗ್ರಂಥವು ಮಹಶೀರ್ ಮೀನನ್ನು ಬ್ರಿಟಿಷ್ ಹವ್ಯಾಸಿಗಳಿಗೆ ವಿವರವಾಗಿ ಪರಿಚಯಿಸಿತು. 1946ರ ಮಾರ್ಚ್ ತಿಂಗಳಿನಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್ ಅವರು ಕಬಿನಿ ನದಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರನ್ನು ಗಾಳದಿಂದ ಹಿಡಿದರು. ಪ್ರಾಯದ ಮನುಷ್ಯನೊಬ್ಬನ ತೂಕಕ್ಕೆ ಸಮನಾದ ಈ ಮೀನಿನ ದಾಖಲೆಯನ್ನು ಇಂದಿಗೂ ಉಲ್ಲೇಖಿಸಲಾಗುತ್ತದೆ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಈ ದೊಡ್ಡ ಮೀನುಗಳು ಅಳಿದುಹೋದವೆಂಬ ಭಾವನೆ ಹವ್ಯಾಸಿಗಳಲ್ಲಿತ್ತು. 1977-78ರಲ್ಲಿ ಬ್ರಿಟನ್ನಿನ ಮೂವರು ಹವ್ಯಾಸಿಗಳ ತಂಡವು ಕಾವೇರಿಗೆ ಬಂದು ದೊಡ್ಡ ಮೀನುಗಳನ್ನು ಹಿಡಿದ ನಂತರ ಗಮನವು ಮತ್ತೆ ಈ ನದಿಯತ್ತ ಹರಿಯಿತು. ಮುಂದೆ ಶಿವನಸಮುದ್ರದ ಕೆಳಭಾಗದಲ್ಲಿ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಶಿಬಿರಗಳು ಪ್ರಸಿದ್ಧಿಗೆ ಬಂದವು. ಹಿಡಿದ ಮೀನನ್ನು ಜೀವಂತವಾಗಿ ನದಿಗೆ ಮರಳಿಸುವುದು ಈ ಶಿಬಿರಗಳ ನಿಯಮವಾಗಿತ್ತು. ಸ್ಥಳೀಯ ಗ್ರಾಮಗಳ ಜನರು ಮಾರ್ಗದರ್ಶಕರಾಗಿ ನೇಮಕಗೊಂಡರು. ಅವರಲ್ಲಿ ಕೆಲವರು ಮೊದಲು ಕಾನೂನುಬಾಹಿರವಾಗಿ ಮೀನು ಹಿಡಿಯುತ್ತಿದ್ದವರು. ನದಿಯ ಮಡು, ಬಂಡೆಗಳನ್ನು ಅವರಷ್ಟು ಬಲ್ಲವರು ಬೇರೊಬ್ಬರಿರಲಿಲ್ಲ.

ಈ ಪ್ರದೇಶವು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರುತ್ತದೆ. 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದ ಅನ್ವಯ ಧಾಮದೊಳಗೆ ಗಾಳ ಹಾಕಲು ಅವಕಾಶವಿಲ್ಲವೆಂಬ ಕಾರಣಕ್ಕೆ 2012ರಲ್ಲಿ ಶಿಬಿರಗಳ ಗಾಳದ ಮೀನುಗಾರಿಕೆ ನಿಂತಿತು. ಗಾಳ ಹಾಕುವವರ ಹಾಜರಿಯೇ ನದಿಗೆ ಕಾವಲಾಗಿದ್ದಿತೆಂದೂ, ಅದು ನಿಂತುದರಿಂದ ಸಿಡಿಮದ್ದಿನ ಬಳಕೆ ಹೆಚ್ಚಬಹುದೆಂದೂ ಕೆಲವು ಸಂಶೋಧಕರು ಆತಂಕ ವ್ಯಕ್ತಪಡಿಸಿದ್ದಾರೆ. ಈ ಕುರಿತು ಭಿನ್ನಾಭಿಪ್ರಾಯಗಳಿವೆ. ಆದರೆ ಧಾಮದೊಳಗಿನ ನಿಷೇಧವನ್ನು ಪಾಲಿಸುವ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಮೀನಿನ ಪರಿಚಯ

ಕಾವೇರಿಯಲ್ಲಿ ಇಂದು ಮುಖ್ಯವಾಗಿ ಎರಡು ಜಾತಿಯ ಮಹಶೀರ್‌ಗಳು ದೊರೆಯುತ್ತವೆ. ಇವುಗಳನ್ನು ಪ್ರತ್ಯೇಕವಾಗಿ ಗುರುತಿಸುವುದು ಗಾಳ ಹಾಕುವ ಪ್ರತಿಯೊಬ್ಬರೂ ಕಲಿಯಬೇಕಾದ ಮೊದಲ ಪಾಠ.

ಮೊದಲನೆಯದು ಗೂನು ಬೆನ್ನಿನ ಮಹಶೀರ್. ತಲೆಯಿಂದ ಬೆನ್ನಿನ ಈಜುರೆಕ್ಕೆಯವರೆಗೆ ಇದರ ಬೆನ್ನು ಎದ್ದುಕಾಣುವಂತೆ ಏರಿರುತ್ತದೆ. ಮೈ ಬಣ್ಣ ಹೊನ್ನಿನ ಛಾಯೆಯದು, ಈಜುರೆಕ್ಕೆಗಳು ಕಿತ್ತಳೆ ಬಣ್ಣದವು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನ ಬೇರಾವ ನದಿಯಲ್ಲಿಯೂ ಇದು ಸಹಜವಾಗಿ ವಾಸಿಸುವುದಿಲ್ಲ. ಒಂದೂವರೆ ಶತಮಾನದ ಖ್ಯಾತಿಯಿದ್ದರೂ ಇದರ ವೈಜ್ಞಾನಿಕ ಹೆಸರಿನ ಬಗ್ಗೆ ಗೊಂದಲವಿತ್ತು. ಕೇರಳದ ಪಾಂಬಾರ್ ನದಿಯ ಮೀನುಗಳನ್ನು ಆಧರಿಸಿ ಈ ಮೊದಲೇ ವರ್ಣಿಸಲಾಗಿದ್ದ ‘ಟಾರ್ ರೆಮಾದೇವಿ’ ಎಂಬ ಜಾತಿಯೇ ಇದೆಂದು 2018ರಲ್ಲಿ ಖಚಿತಪಟ್ಟಿತು. ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿತು. ಹೆಸರು ಖಚಿತವಾಗುವ ಹೊತ್ತಿಗೆ ಮೀನು ಕಣ್ಮರೆಯ ಅಂಚಿಗೆ ತಲುಪಿತ್ತು.

ಎರಡನೆಯದು ನೀಲಿ ರೆಕ್ಕೆಯ ಮಹಶೀರ್, ‘ಟಾರ್ ಖುದ್ರೀ’. ಇದರ ಬೆನ್ನು ಗೂನಿಲ್ಲದೆ ನಯವಾಗಿ ಬಾಗಿರುತ್ತದೆ, ಈಜುರೆಕ್ಕೆಗಳು ನೀಲಿ ಮಿಶ್ರಿತ ಬೂದು ಬಣ್ಣದವು. ಮೂಲತಃ ಇದು ಕೃಷ್ಣಾ ಕೊಳ್ಳದ ಮೀನು. ಮಹಾರಾಷ್ಟ್ರದ ಲೋನಾವಳಾದಲ್ಲಿ ಟಾಟಾ ಸಂಸ್ಥೆಯು ಇದರ ಮರಿಗಳನ್ನು ಕೃತಕವಾಗಿ ಉತ್ಪಾದಿಸುವಲ್ಲಿ ಯಶಸ್ವಿಯಾದ ನಂತರ, ಮಹಶೀರ್ ಸಂತತಿಯನ್ನು ಉಳಿಸುವ ಸದುದ್ದೇಶದಿಂದ ಹಲವು ರಾಜ್ಯಗಳ ನದಿ ಹಾಗೂ ಜಲಾಶಯಗಳಿಗೆ ಬಿತ್ತನೆ ಮಾಡಲಾಯಿತು. ಕಾವೇರಿಯೂ ಅವುಗಳಲ್ಲಿ ಒಂದು.

ಗಾಳಿಬೋರೆಯ ದಾಖಲೆಗಳು

ಈ ಬಿತ್ತನೆಯ ಪರಿಣಾಮ ತಿಳಿದುಬಂದ ಬಗೆಯನ್ನು ಹವ್ಯಾಸಿಗಳು ವಿಶೇಷವಾಗಿ ಗಮನಿಸಬೇಕು. ಗಾಳಿಬೋರೆ ಶಿಬಿರದಲ್ಲಿ ಗಾಳ ಹಾಕಿದ ಸಮಯ, ಹಿಡಿದ ಮೀನು, ಅದರ ತೂಕ ಮತ್ತು ಬಗೆಯನ್ನು ಬರೆದಿಡುವ ಪದ್ಧತಿಯಿತ್ತು. ಬರೆದವರಾರೂ ಸಂಶೋಧನೆಗೆಂದು ಬರೆದಿರಲಿಲ್ಲ. 1998ರಿಂದ 2012ರವರೆಗಿನ ಈ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ವಿವರ ದೊರೆಯಿತು. ವರ್ಷ ಕಳೆದಂತೆ ಹಿಡಿದ ಮೀನುಗಳ ಒಟ್ಟು ಸಂಖ್ಯೆ ಹೆಚ್ಚುತ್ತಿತ್ತು. ಮೇಲ್ನೋಟಕ್ಕೆ ಇದು ಸಂತೋಷದ ಸಂಗತಿ. ಆದರೆ ಹೆಚ್ಚಿದ್ದು ನೀಲಿ ರೆಕ್ಕೆಯ ಮೀನು ಮಾತ್ರ. ಗೂನು ಬೆನ್ನಿನ ಮೀನುಗಳು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿದ್ದವು, ಸಿಕ್ಕವುಗಳ ಸರಾಸರಿ ತೂಕ ಏರುತ್ತಿತ್ತು. ದೊಡ್ಡ ಮೀನು ಸಿಕ್ಕಿತೆಂದು ಗಾಳ ಹಾಕಿದವರು ಹಿಗ್ಗಿರಬಹುದು. ವಾಸ್ತವದಲ್ಲಿ ಮುದಿ ಮೀನುಗಳಷ್ಟೇ ಉಳಿದು, ಎಳೆಯ ಮೀನುಗಳು ಸೇರ್ಪಡೆಯಾಗುತ್ತಿಲ್ಲ ಎಂಬುದರ ಸೂಚನೆ ಅದು.

‘ಮಹಶೀರ್’ ಎಂದಷ್ಟೇ ಬರೆದು ಬಗೆಯನ್ನು ನಮೂದಿಸದೆ ಬಿಟ್ಟಿದ್ದರೆ, ಕಾವೇರಿಯಲ್ಲಿ ಮಹಶೀರ್ ವೃದ್ಧಿಯಾಗುತ್ತಿದೆ ಎಂದೇ ಇಂದಿಗೂ ನಂಬಬೇಕಾಗಿತ್ತು. ಗೂನು ಬೆನ್ನಿನ ಮೀನುಗಳು ತಮಿಳುನಾಡಿನ ಮೋಯಾರ್ ನದಿಯಲ್ಲಿಯೂ ಕಂಡುಬಂದಿವೆ.

ಸಾಧನಗಳು

ಮಹಶೀರ್ ಗಾಳವನ್ನು ಕಚ್ಚಿದ ಕೂಡಲೇ ಹರಿವಿನ ದಿಕ್ಕಿಗೆ ವೇಗವಾಗಿ ಧಾವಿಸುತ್ತದೆ. ಈ ಮೊದಲ ಓಟವೇ ಅದರ ವೈಶಿಷ್ಟ್ಯ, ಸಾಧನಗಳ ಆಯ್ಕೆಯೂ ಇದನ್ನೇ ಅವಲಂಬಿಸಿದೆ. ಹತ್ತರಿಂದ ಹನ್ನೆರಡು ಅಡಿ ಉದ್ದದ ಗಟ್ಟಿಮುಟ್ಟಾದ ಕೋಲು, ಕನಿಷ್ಠ ನೂರೈವತ್ತು ಮೀಟರ್ ದಾರ ಹಿಡಿಯುವ ಹಾಗೂ ಬಿಗಿಯನ್ನು ಹೊಂದಿಸಬಹುದಾದ ರೀಲು, 15ರಿಂದ 20 ಕಿಲೋಗ್ರಾಂ ಎಳೆತ ತಾಳುವ ದಾರ ಸೂಕ್ತ. ತೆಳುವಾದ ದಾರದಿಂದ ದೊಡ್ಡ ಮೀನು ಹಿಡಿಯುವುದು ಜಾಣ್ಮೆಯೆಂದು ಭಾವಿಸುವವರಿದ್ದಾರೆ. ದಾರ ತೆಳುವಾದಷ್ಟೂ ಮೀನನ್ನು ದಡಕ್ಕೆ ತರಲು ಹೆಚ್ಚು ಹೊತ್ತು ಬೇಕಾಗುತ್ತದೆ. ದೀರ್ಘ ಹೋರಾಟದಿಂದ ಬಳಲಿದ ಮೀನು ಬಿಟ್ಟ ಮೇಲೆ ಚೇತರಿಸಿಕೊಳ್ಳದೆ ಹೋಗಬಹುದು. ಆದ್ದರಿಂದ ಬಲವಾದ ದಾರವೇ ಮೀನಿಗೆ ಹಿತ.

ಮಹಶೀರ್ ಮೀನಿನ ದವಡೆಯಲ್ಲಿ ಹಲ್ಲುಗಳಿಲ್ಲದ ಕಾರಣ ತಂತಿಯ ತುದಿದಾರ ಅನಗತ್ಯ. ಆದರೆ ಗಂಟಲಿನ ಒಳಭಾಗದಲ್ಲಿರುವ ಬಲವಾದ ಹಲ್ಲುಗಳಿಂದ ಇದು ಏಡಿ, ಬಸವನಹುಳುಗಳನ್ನು ಪುಡಿಮಾಡುತ್ತದೆ. ದುರ್ಬಲ ಕೊಕ್ಕೆ ಅಲ್ಲಿ ಚಪ್ಪಟೆಯಾಗುವುದುಂಟು. ದಾರಕ್ಕೆ ನಿಜವಾದ ಶತ್ರು ಕಾವೇರಿಯ ಬಂಡೆಗಳು. ಪ್ರತಿ ಬಾರಿ ಗಾಳ ಎಸೆಯುವ ಮುನ್ನ ಕೊನೆಯ ಒಂದು ಮಾರು ದಾರವನ್ನು ಬೆರಳುಗಳ ನಡುವೆ ಎಳೆದು, ಒರಟಾದ ಭಾಗವಿದ್ದರೆ ಕತ್ತರಿಸಿ ತೆಗೆಯಬೇಕು. ಭಾರಕ್ಕಾಗಿ ಸೀಸದ ಗುಂಡಿನ ಬದಲು ಮೃದುವಾದ ಸೀಸದ ತಂತಿಯನ್ನು ದಾರಕ್ಕೆ ಸುರುಳಿಯಾಗಿ ಸುತ್ತುವ ಸ್ಥಳೀಯ ವಿಧಾನವು ಬಹಳ ಉಪಯುಕ್ತವಾದುದು. ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡಾಗ ಎಳೆದರೆ ತಂತಿ ಬಿಚ್ಚಿಕೊಳ್ಳುತ್ತದೆ, ದಾರ ಉಳಿಯುತ್ತದೆ.

ಒಂದೇ ಮೊನೆಯ ಕೊಕ್ಕೆಯನ್ನು ಮಾತ್ರ ಬಳಸಬೇಕು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಬೇಕು. ಹೀಗೆ ಮಾಡಿದರೆ ಮೀನು ತಪ್ಪಿಸಿಕೊಳ್ಳುವುದೆಂಬ ಭಯವಿದೆ. ದಾರವನ್ನು ಸಡಿಲಬಿಡದಿದ್ದರೆ ಹಾಗಾಗುವುದು ಅಪರೂಪ.

ಎರೆ ಮತ್ತು ಸ್ಥಳದ ಆಯ್ಕೆ

ಕಾವೇರಿಯಲ್ಲಿ ರಾಗಿ ಹಿಟ್ಟಿನ ಉಂಡೆಯೇ ಪ್ರಸಿದ್ಧ ಎರೆ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ನೀರಿನಲ್ಲಿ ಬೇಯಿಸಿ, ಆರಿದ ಮೇಲೆ ಮತ್ತೆ ನಾದಿ ಕೊಕ್ಕೆಯನ್ನು ಮುಚ್ಚುವಂತೆ ಅಂಟಿಸುತ್ತಾರೆ. ಉಣ್ಣುವ ಮುದ್ದೆಗಿಂತ ಇದು ಗಟ್ಟಿಯಾಗಿರಬೇಕು. ಮೆತ್ತಗಾದರೆ ಸಣ್ಣ ಮೀನುಗಳು ಕ್ಷಣಾರ್ಧದಲ್ಲಿ ಕಚ್ಚಿ ಮುಗಿಸುತ್ತವೆ. ದೊಡ್ಡ ಮೀನನ್ನು ಬಯಸುವವರು ನಿಂಬೆಹಣ್ಣಿಗಿಂತ ದೊಡ್ಡ ಉಂಡೆಯನ್ನು ಬಳಸುತ್ತಾರೆ. ಏಡಿ ಮತ್ತು ಸಣ್ಣ ಮೀನುಗಳೂ ಒಳ್ಳೆಯ ಎರೆಗಳೇ. ಹೊಳೆಯುವ ಲೋಹದ ಸ್ಪೂನ್‌ಗಳನ್ನು ಬಿಳಿ ನೊರೆಯ ಹರಿವಿನಲ್ಲಿ ಬಳಸಬಹುದು.

ಮಳೆಗಾಲದ ಕೆಂಪು ನೀರು ಇಳಿದು ನದಿ ತಿಳಿಯಾದ ನಂತರದ ತಿಂಗಳುಗಳು, ವಿಶೇಷವಾಗಿ ಜನವರಿಯಿಂದ ಮಾರ್ಚ್‌ವರೆಗಿನ ಅವಧಿ ಅನುಕೂಲಕರ. ಮುಂಜಾನೆ ಮತ್ತು ಸಂಜೆ ಮೀನುಗಳು ರಭಸದ ಹರಿವಿನ ಅಂಚಿಗೆ ಬರುತ್ತವೆ, ನಡುಹಗಲು ಮಡುವಿನ ಆಳಕ್ಕೆ ಸರಿಯುತ್ತವೆ. ಹರಿವು ಮಡುವಿಗೆ ಬೀಳುವ ಜಾಗ ಮತ್ತು ದೊಡ್ಡ ಬಂಡೆಯ ಹಿಂದಿನ ಶಾಂತ ನೀರು, ಇವೆರಡನ್ನು ಮೊದಲು ಪ್ರಯತ್ನಿಸಬೇಕು. ಮಳೆಗಾಲದಲ್ಲಿ ಮೀನುಗಳು ಮೊಟ್ಟೆಯಿಡಲು ಮೇಲಕ್ಕೆ ಸಾಗುವುದರಿಂದ ಆ ಅವಧಿಯಲ್ಲಿ ಗಾಳ ಹಾಕಬಾರದು.

ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ನದಿಯ ಮಟ್ಟ ಬಿಸಿಲಿರುವಾಗಲೇ ಏಕಾಏಕಿ ಏರುತ್ತದೆ. ನಡುನದಿಯ ಬಂಡೆಯ ಮೇಲೆ ಕುಳಿತು ಗಾಳ ಹಾಕುವುದು ಅಪಾಯಕಾರಿ. ಮೊಸಳೆಗಳಿರುವ ಮಡುಗಳಲ್ಲಿ ಮೊಣಕಾಲುದ್ದದ ನೀರಿಗೂ ಇಳಿಯಬಾರದು. ಹರಿಗೋಲಿನಲ್ಲಿ ಸಾಗುವವರು ಜೀವರಕ್ಷಕ ಅಂಗಿಯನ್ನು ಕಡ್ಡಾಯವಾಗಿ ಧರಿಸತಕ್ಕದ್ದು.

ಹಿಡಿದ ಮೀನನ್ನು ಬಿಡುವ ಕ್ರಮ

ಹಿಂದೆ ಹಿಡಿದ ಮೀನಿನ ತುಟಿಗೆ ಹಗ್ಗ ಪೋಣಿಸಿ, ಬೆಳಗಿನ ಬೆಳಕಿನಲ್ಲಿ ಛಾಯಾಚಿತ್ರ ತೆಗೆಯುವ ಸಲುವಾಗಿ ಇರುಳಿಡೀ ದಡದ ನೀರಿನಲ್ಲಿ ಕಟ್ಟಿಹಾಕುವ ರೂಢಿಯಿತ್ತು. ಇದನ್ನು ಸಂಪೂರ್ಣವಾಗಿ ಕೈಬಿಡಬೇಕು.

ಮೀನನ್ನು ನೀರಿನಲ್ಲಿಯೇ ಇರಿಸಿಕೊಂಡು ಕೊಕ್ಕೆಯನ್ನು ತೆಗೆಯಬೇಕು. ಕೈಗಳನ್ನು ಮೊದಲು ಒದ್ದೆ ಮಾಡಿಕೊಳ್ಳಬೇಕು, ಇಲ್ಲವಾದರೆ ಹುರುಪೆಯ ಮೇಲಿನ ಲೋಳೆಯ ಪದರ ಕಿತ್ತುಬರುತ್ತದೆ. ಕಿವಿರಿನೊಳಗೆ ಬೆರಳು ಹಾಕಿ ಎತ್ತುವುದು, ಬಿಸಿಯಾದ ಬಂಡೆ ಅಥವಾ ಮರಳಿನ ಮೇಲೆ ಮಲಗಿಸುವುದು ಮೀನಿಗೆ ಮಾರಕ. ಕೊಕ್ಕೆ ಗಂಟಲಿಗೆ ಇಳಿದಿದ್ದರೆ ಕೀಳಲು ಯತ್ನಿಸದೆ ದಾರವನ್ನು ಹತ್ತಿರದಲ್ಲಿ ಕತ್ತರಿಸುವುದು ಲೇಸು. ತೂಗುವುದಾದರೆ ಒದ್ದೆ ಬಟ್ಟೆಯ ಜೋಲಿಯಲ್ಲಿ ತೂಗಬೇಕು. ತೂಕಕ್ಕಿಂತ ಉದ್ದ ಅಳೆಯುವುದು ಸುಲಭ ಹಾಗೂ ಸುರಕ್ಷಿತ. ಛಾಯಾಚಿತ್ರವನ್ನು ನೀರಿನಿಂದ ಪೂರ್ಣ ಮೇಲೆತ್ತದೆ, ಪಕ್ಕದಿಂದ, ಬೆನ್ನಿನ ರೇಖೆ ಮತ್ತು ಈಜುರೆಕ್ಕೆಗಳು ಕಾಣುವಂತೆ ತೆಗೆಯಬೇಕು. ಬಳಿಕ ಮೀನನ್ನು ಹರಿವಿಗೆ ಎದುರಾಗಿ ನೆಟ್ಟಗೆ ಹಿಡಿದು, ತಾನಾಗಿಯೇ ಕೈಯಿಂದ ಜಾರಿ ಹೋಗುವವರೆಗೆ ಕಾಯಬೇಕು. ದೊಡ್ಡ ಮೀನುಗಳಿಗೆ ಇದಕ್ಕೆ ಹಲವು ನಿಮಿಷಗಳು ಬೇಕಾಗಬಹುದು.

ಕಾನೂನಿನ ನಿಬಂಧನೆಗಳು

ವನ್ಯಜೀವಿ ಧಾಮ ಹಾಗೂ ರಾಷ್ಟ್ರೀಯ ಉದ್ಯಾನಗಳ ಗಡಿಯೊಳಗೆ ಮೀನು ಹಿಡಿಯುವಂತಿಲ್ಲ. ಹಿಡಿದು ಬಿಡುವುದೂ ಇದರಲ್ಲಿ ಸೇರಿದೆ. ಇತರ ನೀರಿನ ತಾಣಗಳಿಗೆ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1996 ಅನ್ವಯಿಸುತ್ತದೆ. ಕೆರೆಗಳನ್ನು ಗುತ್ತಿಗೆಗೆ ನೀಡಿರುವ ಸಂದರ್ಭಗಳಲ್ಲಿ ಗುತ್ತಿಗೆದಾರರ ಒಪ್ಪಿಗೆಯೂ ಅಗತ್ಯ.

ಸಿಡಿಮದ್ದು ಅಥವಾ ವಿಷ ಬಳಸಿ ಮೀನು ಕೊಲ್ಲುವುದು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮದ ಕಾಲದಿಂದಲೂ ಶಿಕ್ಷಾರ್ಹ ಅಪರಾಧ. ದಕ್ಷಿಣ ಕನ್ನಡ ಜಿಲ್ಲೆಯ ಶಿಶಿಲದಲ್ಲಿ 1996ರಲ್ಲಿ ನದಿಗೆ ವಿಷ ಹಾಕಿದ್ದರಿಂದ ದೇವಾಲಯದ ಬಳಿಯ ಸಾವಿರಾರು ದೇವರ ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ.

ಬೇರೆಡೆಯಿಂದ ತಂದ ಮೀನಿನ ಮರಿಗಳನ್ನು ಹರಕೆಗಾಗಿಯಾಗಲಿ, ಹವ್ಯಾಸಕ್ಕಾಗಿಯಾಗಲಿ ನದಿಗೆ ಬಿಡಬಾರದು. ನೀಲಿ ರೆಕ್ಕೆಯ ಮೀನಿನ ವೃತ್ತಾಂತವನ್ನು ಮೇಲೆ ವಿವರಿಸಿರುವುದರಿಂದ ಇದರ ಕಾರಣವನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ದಾಖಲೆ ಇಡುವ ವಿಧಾನ

ಗಾಳ ಹಾಕುವವರು ಪ್ರತಿ ಬಾರಿಯೂ ದಿನಾಂಕ, ಸ್ಥಳ, ಗಾಳ ಹಾಕಿದ ಒಟ್ಟು ಸಮಯ, ಬಳಸಿದ ಎರೆ, ಹಿಡಿದ ಪ್ರತಿ ಮೀನಿನ ಬಗೆ ಮತ್ತು ಉದ್ದವನ್ನು ಪುಸ್ತಕದಲ್ಲಿ ಬರೆದಿಡಬೇಕು. ಒಂದೂ ಮೀನು ಸಿಗದ ದಿನವನ್ನು ಬರೆಯಲು ಬಹುಮಂದಿ ಸಂಕೋಚಪಡುತ್ತಾರೆ. ಆ ದಿನದ ದಾಖಲೆಯೂ ಅಷ್ಟೇ ಮುಖ್ಯ. ಹತ್ತು ಗಂಟೆಯಲ್ಲಿ ಸಿಕ್ಕ ಎರಡು ಮೀನು ಮತ್ತು ನೂರು ಗಂಟೆಯಲ್ಲಿ ಸಿಕ್ಕ ಎರಡು ಮೀನು ನದಿಯ ಬೇರೆ ಬೇರೆ ಸ್ಥಿತಿಯನ್ನು ತಿಳಿಸುತ್ತವೆ. ಬಗೆ ಖಚಿತವಾಗದಿದ್ದರೆ ಊಹಿಸಿ ಬರೆಯದೆ ‘ಗುರುತಿಸಲಾಗಿಲ್ಲ’ ಎಂದು ನಮೂದಿಸಿ ಛಾಯಾಚಿತ್ರವನ್ನು ಇಟ್ಟುಕೊಳ್ಳಬೇಕು.

ಗೂನು ಬೆನ್ನಿನ ಮಹಶೀರ್ ಗಾಳಕ್ಕೆ ಸಿಕ್ಕಲ್ಲಿ ಅಥವಾ ಸತ್ತು ತೇಲುತ್ತಿರುವುದು ಕಂಡುಬಂದಲ್ಲಿ, ಸ್ಥಳ ಮತ್ತು ದಿನಾಂಕದೊಂದಿಗೆ ಛಾಯಾಚಿತ್ರವನ್ನು ಸಂಬಂಧಪಟ್ಟ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಕೂಡಲೇ ತಲುಪಿಸುವಂತೆ ಸಾರ್ವಜನಿಕರನ್ನು ಕೋರಲಾಗಿದೆ. ಪರವಾನಗಿ ಹಾಗೂ ಗಾಳ ಹಾಕಲು ಅವಕಾಶವಿರುವ ಸ್ಥಳಗಳ ವಿವರವನ್ನು ಸದರಿ ಕಚೇರಿಯಲ್ಲಿ ಕೆಲಸದ ವೇಳೆಯಲ್ಲಿ ಪಡೆಯಬಹುದು.