ಮುಂಬಯಿಯ ದೊಡ್ಡ ಟಪಾಲು ಕಚೇರಿ ಮತ್ತು ನಮ್ಮ ಗೋಳಗುಮ್ಮಟ

ನಮ್ಮ ಶಾಲೆಯ ಈ ಸಲದ ಪ್ರವಾಸಕ್ಕೆ ಮುಂಬಯಿ ಗೊತ್ತು ಮಾಡಿದ್ದೆವು. ಸೊಲ್ಲಾಪುರದಲ್ಲಿ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಇಳಿದೆವು. ಹೊರಗೆ ಬಂದು ಮಕ್ಕಳನ್ನು ಎಣಿಸುತ್ತಿದ್ದಾಗ ಏಳನೆಯ ವರ್ಗದ ಹುಡುಗನೊಬ್ಬ, "ಸರ್, ಅಲ್ಲಿ ನೋಡ್ರಿ, ಗೋಳಗುಮ್ಮಟ!" ಎಂದು ಕೂಗಿದ. ಹಿಂದಿನ ವರ್ಷವೇ ವಿಜಯಪುರ ನೋಡಿ ಬಂದಿದ್ದ ಮಕ್ಕಳು ಗೊಳ್ಳೆಂದು ನಕ್ಕರು. ಆದರೆ ಹುಡುಗನ ಕಣ್ಣು ತಪ್ಪಿರಲಿಲ್ಲ.

ಅವನು ತೋರಿಸಿದ್ದು ಮುಂಬಯಿಯ ಪ್ರಧಾನ ಅಂಚೆ ಕಚೇರಿ. ಇದರ ನಕಾಶೆ ತಯಾರಿಸಿದವರು ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ. 1904ರಲ್ಲಿ ಕೆಲಸ ಆರಂಭವಾಗಿ 1913ರಲ್ಲಿ ಮುಗಿಯಿತು. ಆ ಕಾಲದ ಸುಮಾರು 18 ಲಕ್ಷ ರೂಪಾಯಿ ಖರ್ಚಾಯಿತು. ಕಪ್ಪು ಕಲ್ಲಿನ ಗೋಡೆಗಳಿಗೆ ಕುರ್ಲಾದ ಹಳದಿ ಕಲ್ಲು, ಗುಜರಾತದ ಧ್ರಾಂಗಧ್ರಾದ ಬಿಳಿ ಕಲ್ಲು ಸೇರಿಸಿ ಅಂದ ಕೊಟ್ಟಿದ್ದಾರೆ. ನಡುವಿನ ದೊಡ್ಡ ಗುಮ್ಮಟಕ್ಕೆ ಬೆಗ್ ಮಾದರಿಯಾಗಿ ಇಟ್ಟುಕೊಂಡದ್ದು ಬಿಜಾಪುರದ ಗೋಳಗುಮ್ಮಟವನ್ನೇ!

ಹಾಗೆಂದು ಇದು ಅದರ ಪಡಿಯಚ್ಚಲ್ಲ. ಮುಹಮ್ಮದ ಆದಿಲ್‌ಶಾಹನ ಸಮಾಧಿಯಾದ ಗೋಳಗುಮ್ಮಟದ ಹೊರ ವ್ಯಾಸವೇ ಸುಮಾರು 44 ಮೀಟರ್. ಒಳಗೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳು ಅಷ್ಟು ಭಾರವನ್ನು ಗೋಡೆಗಳಿಗೆ ದಾಟಿಸುತ್ತವೆ. ಮುಂಬಯಿಯ ಗುಮ್ಮಟ ಅದರ ಮುಂದೆ ಚಿಕ್ಕದು. ಅದರ ಕೆಳಗೆ ಇರುವುದು ಸಮಾಧಿಯಲ್ಲ, ಜನ ಟಪಾಲು ಹಾಕಲು ಸಾಲು ನಿಲ್ಲುವ ಸಭಾಂಗಣ.

ಬಿಜಾಪುರದ ಗುಮ್ಮಟ ಮುಂಬಯಿಗೆ ಏಕೆ ಬಂತು? ಇಂಗ್ಲಿಷರು ಆಗ ಸರಕಾರಿ ಕಟ್ಟಡಗಳಲ್ಲಿ ಈ ನೆಲದ ಹಳೆಯ ಶೈಲಿಗಳನ್ನು ಬಳಸುತ್ತಿದ್ದರು. ಬಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲೇ ಇತ್ತು. ಆದ್ದರಿಂದ ಬೆಗ್ ಅವರಿಗೆ ಅದು ಹೊರನಾಡಿನ ಗುಮ್ಮಟವಾಗಿರಲಿಲ್ಲ. ನಮ್ಮ ಅಕ್ಕಲಕೋಟ ಅಂದು ಸಂಸ್ಥಾನ. 1948ರಲ್ಲಿ ಮುಂಬಯಿ ರಾಜ್ಯ ಸೇರಿತು. 1956ರ ನವೆಂಬರ್ 1ರಂದು ಬಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಈಚೆ ಉಳಿದೆವು. ಮುಂಬಯಿಯಲ್ಲಿ ಆ ಗುಮ್ಮಟ ಎದ್ದು ಆಗಲೇ 43 ವರ್ಷಗಳಾಗಿದ್ದವು.

ಟಪಾಲಿಗೂ ಗೋಳಗುಮ್ಮಟಕ್ಕೂ ಇನ್ನೊಂದು ನಂಟಿದೆ. 1949ರಲ್ಲಿ ಸ್ವತಂತ್ರ ಭಾರತ ಪ್ರಾಚೀನ ಸ್ಮಾರಕಗಳ ಅಂಚೆಚೀಟಿಗಳನ್ನು ತಂದಾಗ ಆರು ಆಣೆಯ ಚೀಟಿಯ ಮೇಲೆ ಗೋಳಗುಮ್ಮಟ ಅಚ್ಚಾಯಿತು.

ಹತ್ತು ಗಂಟೆಯ ನಂತರ ಮಕ್ಕಳನ್ನು ಒಳಗೆ ಕರೆದೊಯ್ದೆವು. ವಿಜಯಪುರದಲ್ಲಿ ಮಾಡಿದಂತೆ ಇಲ್ಲಿಯೂ ಕೂಗಿ ಪ್ರತಿಧ್ವನಿ ಕೇಳಬೇಕೆಂದು ಹುಡುಗಿಯೊಬ್ಬಳು ಬಾಯಿ ತೆರೆದಳು. "ಇದು ಕಚೇರಿ, ತಂಗಿ" ಎಂದು ಸುಮ್ಮನಾಗಿಸಿದೆವು.

ಮಕ್ಕಳ ಕೈಗೆ ಒಂದೊಂದು ಅಂಚೆಕಾರ್ಡು ಕೊಟ್ಟು, ಶಾಲೆಗೇ ಪತ್ರ ಬರೆಯಿರಿ ಎಂದೆವು. ಇದಕ್ಕೊಂದು ಕಾರಣವಿದೆ. ಹಿಂದೊಮ್ಮೆ ಕರ್ನಾಟಕದ ಒಂದು ಸಂಸ್ಥೆಯವರು ಕನ್ನಡ ಪ್ರಬಂಧ ಸ್ಪರ್ಧೆಗೆ ನಮ್ಮ ಮಕ್ಕಳನ್ನು ಕರೆದಿದ್ದರು. ಕನ್ನಡ ಶಾಲೆ ಎಂದ ಮೇಲೆ ಕರ್ನಾಟಕದಲ್ಲೇ ಇರಬೇಕೆಂದು ಭಾವಿಸಿ, ವಿಳಾಸದ ಕೊನೆಗೆ 'ಕರ್ನಾಟಕ' ಎಂದು ಬರೆದಿದ್ದರು. ಪಿನ್ ಕೋಡ್ ಹಾಕಿರಲಿಲ್ಲ. ಪತ್ರ ಎಲ್ಲೆಲ್ಲೋ ಸುತ್ತಿ ಸ್ಪರ್ಧೆ ಮುಗಿದ ನಾಲ್ಕು ದಿನಕ್ಕೆ ಬಂತು. ಪ್ರಬಂಧ ಬರೆದು ಸಿದ್ಧವಾಗಿದ್ದ ಹುಡುಗಿ ಆ ಪತ್ರವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

ಅದಕ್ಕೇ ಅಂದು ಪಿನ್ ಕೋಡ್ ಪಾಠವನ್ನು ಅಲ್ಲಿಯೇ ಮಾಡಿದೆವು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕೆಗಳಲ್ಲಿ ಮೊದಲನೆಯದು ವಲಯದ ಗುರುತು. ಮಹಾರಾಷ್ಟ್ರಕ್ಕೆ 4, ಕರ್ನಾಟಕಕ್ಕೆ 5. ಅಕ್ಕಲಕೋಟ 413216, ವಿಜಯಪುರ 586101.

"ಸರ್, ವಿಳಾಸ ಯಾವ ಭಾಷೆಯಾಗ ಬರೀಬೇಕ್ರಿ?" ಎಂದು ಒಬ್ಬ ಕೇಳಿದ. ಕನ್ನಡದಲ್ಲೇ ಬರೆ, ಕೆಳಗೆ 'ಮಹಾರಾಷ್ಟ್ರ' ಎಂದು ಬರೆದು ಪಿನ್ ಸರಿಯಾಗಿ ಹಾಕು ಎಂದೆವು. ಎಲ್ಲರೂ ಹಾಗೆಯೇ ಬರೆದು ಪೆಟ್ಟಿಗೆಗೆ ಹಾಕಿದರು.

ನಾವು ಊರು ಸೇರಿದ ಐದನೆಯ ದಿನ ಪೋಸ್ಟ್‌ಮನ್ ಕಾರ್ಡುಗಳ ಕಟ್ಟು ತಂದುಕೊಟ್ಟರು. ಎಣಿಸಿದೆವು. ಒಂದೂ ಕಡಿಮೆಯಿರಲಿಲ್ಲ. ಅವನ್ನು ಈಗ ವರ್ಗದ ಗೋಡೆಗೆ ಅಂಟಿಸಿದ್ದೇವೆ.

ಗಡಿಭಾಗದ ಶಿಕ್ಷಕ ಮಿತ್ರರೇ, ಮುಂಬಯಿಗೆ ಹೋದರೆ ನಿಮ್ಮ ಮಕ್ಕಳಿಗೂ ಈ ಕಟ್ಟಡ ತೋರಿಸಿ. ಒಂದು ಕಾರ್ಡು ಬರೆಸುವುದನ್ನು ಮರೆಯಬೇಡಿ.